ಊರ ಹೆಸರು ಬರೆದರೆ ಊರಿನ ಬರಹ ಸಿಕ್ಕೀತೆ?

ಆಷಾಢದ ಮಳೆ ಹಿಡಿದು ವಾರ ಬಿಡದಿದ್ದರೆ ಸೊರಬ ತಾಲ್ಲೂಕಿನ ಆನವಟ್ಟಿ ಸುತ್ತಿನ ಅಡಿಕೆ ತೋಟದವರ ಬಾಯಲ್ಲಿ ಒಂದೇ ಮಾತು: ಕೊಳೆ. ಬೋರ್ಡೋ ಮದ್ದು ಹೊಡೆಯಲು ಮಳೆ ಹೊಳವಾಗಬೇಕು, ಹೊಳವಾಗುವಷ್ಟರಲ್ಲಿ ಕಾಯಿ ಉದುರಿರುತ್ತದೆ. ಹೀಗೆ ಮಳೆ ನೋಡುತ್ತ ಕೂತವರು ಫೋನು ತೆಗೆದು ‘ಅಡಿಕೆ ಕೊಳೆ ರೋಗ’ ಎಂದು ಹುಡುಕುತ್ತಾರೆ. ಔಷಧದ ಜಾಹೀರಾತು ಬರುತ್ತದೆ, ಸುದ್ದಿ ಬರುತ್ತದೆ, ವಿಡಿಯೊ ಬರುತ್ತದೆ. ಅವರಿಗೆ ಬೇಕಾದದ್ದು ಬೇರೆ. ಸಾಗರದಲ್ಲೋ ಶಿರಸಿಯಲ್ಲೋ ಪುತ್ತೂರಿನಲ್ಲೋ ತಮ್ಮಂತೆಯೇ ತೋಟ ಮಾಡಿಕೊಂಡಿರುವ ಇನ್ನೊಬ್ಬರು, ಯಾವ ವರ್ಷ ಯಾವಾಗ ಹೊಡೆದೆ, ಎಷ್ಟು ಫಸಲು ಉಳಿಯಿತು, ಎಲ್ಲಿ ತಪ್ಪಿದೆ ಎಂದು ಬರೆದಿಟ್ಟ ಒಂದು ಪುಟ.

ಅಂಥ ಪುಟಗಳು ಕನ್ನಡದಲ್ಲಿ ಇವೆ. ತೋಟ, ಊರು, ಬಾಲ್ಯ, ಓದಿದ ಪುಸ್ತಕ, ಕಂಡ ಗುಡಿ ಎಂದು ಸಾವಿರಾರು ಜನ ತಮ್ಮ ಬ್ಲಾಗುಗಳಲ್ಲಿ ಬರೆದಿದ್ದಾರೆ. ಓದುವವರೂ ಇದ್ದಾರೆ. ಇಬ್ಬರ ನಡುವೆ ಹುಡುಕುಯಂತ್ರ ನಿಂತಿದೆ. ಯಾವ ಹುಡುಕುಯಂತ್ರ ಬ್ಲಾಗುಗಳನ್ನು ಚೆನ್ನಾಗಿ ಹುಡುಕಿಕೊಡುತ್ತದೆ ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷ ದಾಟಿತು. ಜಗತ್ತಿನಲ್ಲಿ ಇದಕ್ಕೆ ಹಲವು ಉತ್ತರ ಬಂದವು, ಕೆಲವು ಬಂದಷ್ಟೇ ಬೇಗ ಹೋದವು. ಕನ್ನಡದ ಮಟ್ಟಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರಕ್ಕೂ ಆ ಯಂತ್ರಕ್ಕೂ ಇರುವ ವ್ಯತ್ಯಾಸಕ್ಕಿಂತ, ನಮ್ಮ ಬರಹ ಯಾವ ರೂಪದಲ್ಲಿ ಯಂತ್ರದ ಕೈಗೆ ಸಿಕ್ಕಿತು ಎಂಬುದೇ ಇಲ್ಲಿ ದೊಡ್ಡ ವಿಷಯ.

ಹುಡುಕುವುದು ಪುಟವನ್ನೋ, ಬರೆದವರನ್ನೋ

ಮಾತು ಎಲ್ಲಿ ಕವಲೊಡೆಯುತ್ತದೆ ಎಂದು ಮೊದಲು ನೋಡಬೇಕು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಗಿಲಾಡ್ ಮಿಶ್ನೆ ಮತ್ತು ಮಾರ್ಟನ್ ಡಿ ರೈಕ್ 2006ರಲ್ಲಿ ಒಂದು ಬ್ಲಾಗ್ ಹುಡುಕುಯಂತ್ರದ ದಾಖಲೆ ತೆಗೆದು, ಜನ ಏನೇನು ಕೇಳಿದ್ದಾರೆ ಎಂದು ವಿಂಗಡಿಸಿದರು. ಅವರಿಗೆ ಎರಡು ಬಗೆಯ ಕೇಳಿಕೆ ಕಂಡವು. ಒಂದು, ಯಾವುದೋ ವ್ಯಕ್ತಿ, ಊರು, ಸಂಸ್ಥೆಯ ಹೆಸರು ಕೊಟ್ಟು ‘ಇದರ ಬಗ್ಗೆ ಯಾರು ಏನೆಂದರು’ ಎಂದು ಕೇಳುವುದು. ಇನ್ನೊಂದು, ಒಂದು ವಿಷಯವನ್ನು ಹಿಡಿದು ಅದರ ಬಗ್ಗೆ ಬರೆಯುತ್ತಿರುವ ಬ್ಲಾಗುಗಳನ್ನೇ ಕೇಳುವುದು.

ಅಮೆರಿಕದ ಟ್ರೆಕ್ ಎಂಬ ಹುಡುಕಾಟ ಪರೀಕ್ಷಾ ಸಮ್ಮೇಳನ 2006ರಿಂದ 2010ರವರೆಗೆ ಬ್ಲಾಗುಗಳಿಗೇ ಪ್ರತ್ಯೇಕ ವಿಭಾಗ ನಡೆಸಿತು. ಗ್ಲಾಸ್ಗೊ ವಿಶ್ವವಿದ್ಯಾಲಯದವರು ಹನ್ನೊಂದು ವಾರ, ಸುಮಾರು ಒಂದು ಲಕ್ಷ ಬ್ಲಾಗುಗಳನ್ನು ಹಿಂಬಾಲಿಸಿ 32 ಲಕ್ಷ ಬರಹಗಳನ್ನು ಗುಡ್ಡೆ ಹಾಕಿಕೊಟ್ಟಿದ್ದರು. ಬಿಡಿ ಬರಹವನ್ನು ಹುಡುಕುವುದು ಮೊದಲ ಪರೀಕ್ಷೆಯಾಗಿತ್ತು. ಒಂದು ವಿಷಯದಲ್ಲಿ ಮತ್ತೆ ಮತ್ತೆ ಆಸಕ್ತಿ ತೋರಿದ ಇಡೀ ಬ್ಲಾಗನ್ನು ಹುಡುಕುವ ಪರೀಕ್ಷೆ 2007ರಲ್ಲಿ ಸೇರಿತು.

ಈ ಎರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ ಎಷ್ಟೋ ಹೋಲಿಕೆಗಳು ಹಾದಿ ತಪ್ಪಿವೆ. ಕೊಳೆಗೆ ಮದ್ದು ಹುಡುಕುವವರಿಗೆ ಒಂದು ಪುಟ ಸಾಕು. ಮಲೆನಾಡಿನ ತೋಟದ ಬದುಕನ್ನು ಹತ್ತು ವರ್ಷ ಬರೆದವರೊಬ್ಬರು ಬೇಕು ಎಂದು ಹುಡುಕುವವರಿಗೆ ಒಂದು ಪುಟ ಸಿಕ್ಕರೆ ಸಾಲದು. ಇವತ್ತು ನಾವು ಬಳಸುವ ದೊಡ್ಡ ಯಂತ್ರಗಳೆಲ್ಲ ಪುಟ ಹುಡುಕಲು ಕಟ್ಟಿದವು. ಬರೆದವರನ್ನು ಹುಡುಕಲು ಅಲ್ಲ.

ಪೌಂಡ್ ಗುರುತಿನ ಕನ್ನಡ

ಜಗತ್ತಿನ ಚರ್ಚೆ ಇಷ್ಟರ ಮಟ್ಟಿಗೆ ಬೆಳೆಯುವಾಗ ಕನ್ನಡ ಎಲ್ಲಿತ್ತು? ಜಾಲದಲ್ಲಿ ಇತ್ತು, ಯಂತ್ರದ ಕಣ್ಣಿಗೆ ಮಾತ್ರ ಬೀಳುತ್ತಿರಲಿಲ್ಲ.

ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲತಾಣ ತೆರೆದದ್ದು 1996ರಲ್ಲಿ. ಗೂಗಲ್ ಕಂಪನಿ ಹುಟ್ಟುವುದಕ್ಕೂ ಎರಡು ವರ್ಷ ಮೊದಲು ಕನ್ನಡ ಅಂತರಜಾಲದಲ್ಲಿತ್ತು ಎಂಬುದು ಸಣ್ಣ ಮಾತಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ರೂಪಿಸಿದ ಧ್ವನಿ ಆಧಾರಿತ ಕೀಲಿಮಣೆಯ ಜಾಡಿನಲ್ಲಿ ಸಾವಿರಾರು ಕನ್ನಡಿಗರು ಟೈಪು ಮಾಡಲು ಕಲಿತರು. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಆಗಿನ ತಂತ್ರದಲ್ಲಿ ಒಂದು ತೊಡಕು ಉಳಿಯಿತು. ಅಕ್ಷರಶೈಲಿ ಕನ್ನಡ, ಒಳಗಿನ ಸಂಕೇತ ಇಂಗ್ಲಿಷು.

ಹತ್ತಿರದಿಂದ ನೋಡೋಣ. ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂದು ಟೈಪು ಮಾಡಿದರೆ ಪರದೆಯ ಮೇಲೆ ಮೂರು ಮುದ್ದಾದ ಅಕ್ಷರ ಕಾಣುತ್ತಿದ್ದವು. ಯಂತ್ರದ ಕಡತದಲ್ಲಿ ಬರೆದಿರುತ್ತಿದ್ದದ್ದು ಇದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್ ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಅಕ್ಷರಶೈಲಿ ಕಳಚಿದರೆ ಕನ್ನಡವೂ ಕಳಚಿತು. ಹುಡುಕುಯಂತ್ರದ ಜೇಡ ಜಾಲದಲ್ಲಿ ತೆವಳುತ್ತ ಬಂದು ಈ ಪುಟ ಓದಿದರೆ ಅದಕ್ಕೆ ಸಿಗುತ್ತಿದ್ದದ್ದು ಪೌಂಡ್ ಗುರುತು. ದಿನಪತ್ರಿಕೆಯ ತಾಣಗಳೂ ಬಹುಕಾಲ ಒಂದೊಂದು ಒಂದೊಂದು ಅಕ್ಷರಶೈಲಿ ಇಟ್ಟುಕೊಂಡಿದ್ದರಿಂದ, ಒಂದೇ ಪದ ಹತ್ತು ತಾಣಗಳಲ್ಲಿ ಹತ್ತು ಬಗೆಯ ಗೊಂದಲವಾಗಿ ಕೂತಿತ್ತು.

ಪರಿಹಾರ ಇರಲಿಲ್ಲವೆಂದಲ್ಲ. ಯೂನಿಕೋಡ್ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗವಿತ್ತು. ಆದರೆ ಸಾಮಾನ್ಯರ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಲು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ಜೊತೆಗೆ ಬಂದ ‘ತುಂಗಾ’ ಅಕ್ಷರಶೈಲಿಯವರೆಗೆ ಕಾಯಬೇಕಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’, 2007ರ ಹೊತ್ತಿಗೆ ‘ಕೆಂಡಸಂಪಿಗೆ’, ‘ಅವಧಿ’ ಎಂದು ಸಾಲು ಹಿಡಿಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಕನ್ನಡ ಲಿಪಿಗೆ ತಿರುಗಿಸುವ ಗೂಗಲ್ ಸೌಲಭ್ಯ ಬಂದದ್ದೂ 2007ರಲ್ಲಿಯೇ. ಕನ್ನಡ ಬ್ಲಾಗುಗಳ ಸುಗ್ಗಿಯೆಂದರೆ ಅಲ್ಲಿಂದ ಮುಂದಿನ ನಾಲ್ಕೈದು ವರ್ಷ.

ಅದಕ್ಕೆ ಮೊದಲಿನ ಕನ್ನಡ ಬರಹದ ಬಹುಪಾಲು ಇವತ್ತಿಗೂ ಯಾವ ಯಂತ್ರಕ್ಕೂ ಕನ್ನಡವಾಗಿ ಸಿಗುವುದಿಲ್ಲ. ಮತ್ತು ಈ ಕತೆ ಮುಗಿದಿಲ್ಲ. ಆನವಟ್ಟಿಯಂಥ ಊರುಗಳಲ್ಲಿ ಡಿಟಿಪಿ ಅಂಗಡಿಗೆ ಹೋಗಿ ನೋಡಿ: ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ ಎಲ್ಲವೂ ಹಳೆಯ ನುಡಿಯ ಅಕ್ಷರಶೈಲಿಯಲ್ಲೇ ಅಚ್ಚಿಗೆ ಸಿದ್ಧವಾಗುತ್ತಿರುತ್ತವೆ. ಅದೇ ಕಡತ ಪಿಡಿಎಫ್ ಆಗಿ ಜಾಲಕ್ಕೆ ಏರಿದರೆ ಮತ್ತೆ ಪೌಂಡ್ ಗುರುತೇ.

ಕೊಂಡಿ ಎಣಿಸುವವರು

ಯಂತ್ರ ಬ್ಲಾಗನ್ನು ಹೇಗೆ ಹುಡುಕಬೇಕು ಎಂಬುದರಲ್ಲಿ ಐದು ಪಂಥಗಳಿವೆ. ಮೊದಲನೆಯದು ಕೊಂಡಿ ಎಣಿಸುವವರದು. ಗೂಗಲ್ ಕಟ್ಟಿದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಮುಂದಿಟ್ಟ ವಿಚಾರ ಸರಳ. ಒಂದು ಪುಟದತ್ತ ಎಷ್ಟು ಜನ ಬೆರಳು ತೋರಿಸುತ್ತಾರೆ, ಹಾಗೆ ತೋರಿಸುವವರಿಗೆ ಎಷ್ಟು ತೂಕವಿದೆ, ಅದರ ಮೇಲೆ ಆ ಪುಟದ ಸ್ಥಾನ. ಪುಟದೊಳಗಿನ ಪದಗಳನ್ನು ಎಣಿಸುತ್ತಿದ್ದ ಹಿಂದಿನ ಯಂತ್ರಗಳನ್ನು ಇದು ಹಿಂದಿಕ್ಕಿತು. ಅವುಗಳಲ್ಲೊಂದಾದ, 1995ರಲ್ಲಿ ಬಂದ ಆಲ್ಟಾವಿಸ್ಟಾ 2013ರಲ್ಲಿ ಮುಚ್ಚಿತು. ಈ ಪಂಥದವರ ವಾದವೇನೆಂದರೆ, ಬ್ಲಾಗಿಗೆಂದು ಬೇರೆ ಯಂತ್ರ ಏಕೆ? ಒಳ್ಳೆಯ ಬ್ಲಾಗಿಗೆ ಕೊಂಡಿಗಳು ತಾವಾಗಿಯೇ ಸೇರುತ್ತವೆ, ಅದು ತಾನಾಗಿಯೇ ಮೇಲೆ ಬರುತ್ತದೆ.

ಇಂಗ್ಲಿಷಿನಲ್ಲಿ ಈ ಮಾತು ಬಹುಮಟ್ಟಿಗೆ ನಡೆಯಿತು. ಒಬ್ಬರ ಬರಹಕ್ಕೆ ಇನ್ನೊಬ್ಬರು ಬರಹದಲ್ಲೇ ಉತ್ತರಿಸುವ, ಉತ್ತರಿಸುವಾಗ ಕೊಂಡಿ ಕೊಡುವ ಅಭ್ಯಾಸ ಅಲ್ಲಿತ್ತು. ನಮ್ಮಲ್ಲಿ ಹಾಗಾಗಲಿಲ್ಲ. ಬರಹ ಇಷ್ಟವಾದರೆ ನಾವು ಅದರ ಕೆಳಗೆ ‘ಚೆನ್ನಾಗಿದೆ ಸರ್, ಬಾಲ್ಯ ನೆನಪಾಯ್ತು’ ಎಂದು ಬರೆದೆವು. ನಮ್ಮ ಬ್ಲಾಗಿನಿಂದ ಅದಕ್ಕೆ ಕೊಂಡಿ ಹಾಕಿದ್ದು ಕಡಿಮೆ. ಓದುಗರಿದ್ದರು, ಮೆಚ್ಚುಗೆಯಿತ್ತು, ಕೊಂಡಿ ಇರಲಿಲ್ಲ. ಹೀಗಿರುವಾಗ ಕೊಂಡಿ ಎಣಿಸುವ ಯಂತ್ರ ಕನ್ನಡದ ಸಣ್ಣ ಬ್ಲಾಗನ್ನು ಹೇಗೆ ಗುರುತಿಸೀತು?

ಕೊಂಡಿ ಇದ್ದಲ್ಲೂ ಅದು ಉಳಿಯಬೇಕಲ್ಲ. 2012ರಿಂದ ಬ್ಲಾಗ್‌ಸ್ಪಾಟ್ ವಿಳಾಸದ ಕೊನೆಯ ‘ಕಾಮ್’ ಭಾರತದ ಓದುಗರಿಗೆ ‘ಇನ್’ ಆಗಿ ತೋರತೊಡಗಿತು. ನಾವು ಗೆಳೆಯರಿಗೆ ಕಳಿಸಿದ್ದು, ಲೇಖನದ ಕೊನೆಗೆ ಹಾಕಿದ್ದು ಆ ‘ಇನ್’ ವಿಳಾಸವನ್ನೇ. 2020ರಲ್ಲಿ ಆ ವಿಳಾಸದ ಒಡೆತನ ಗೂಗಲ್ ಕೈತಪ್ಪಿ ಹೋಯಿತು. ಬರಹ ತನ್ನ ಮೂಲ ವಿಳಾಸದಲ್ಲಿ ಕ್ಷೇಮವಾಗಿದೆ, ಅದರತ್ತ ಚಾಚಿದ್ದ ಬೆರಳುಗಳು ಮಾತ್ರ ತುಂಡಾದವು. ಹಳೆಯ ಕೊಂಡಿಯೊಂದು ತೆರೆಯದಿದ್ದರೆ ಕೊನೆಯ ‘ಇನ್’ ತೆಗೆದು ‘ಕಾಮ್’ ಹಾಕಿ ನೋಡಿ. ಎಷ್ಟೋ ಸಲ ಬರಹ ಅಲ್ಲೇ ಇರುತ್ತದೆ.

ಇವತ್ತು ಯಂತ್ರಗಳ ಹೆಸರು ಹಲವಿದ್ದರೂ ಒಳಗಿನ ಸೂಚಿಗಳು ಕೆಲವೇ. ಡಕ್‌ಡಕ್‌ಗೋ, ಯಾಹೂ ಕೊಡುವ ಫಲಿತಾಂಶದ ಬಹುಪಾಲು ಮೈಕ್ರೋಸಾಫ್ಟಿನ ಬಿಂಗ್‌ನಿಂದ ಬರುತ್ತದೆ. ಹಾಗಾಗಿ ನಾಲ್ಕು ಕಡೆ ಹುಡುಕಿದೆ ಎನ್ನುವವರು ಎರಡೇ ಕಡೆ ಹುಡುಕಿರಬಹುದು. 2021ರಲ್ಲಿ ಬಂದ ಬ್ರೇವ್ ತನ್ನದೇ ಸೂಚಿ ಕಟ್ಟಿಕೊಂಡಿದೆ. ಜಾಹೀರಾತಿಲ್ಲದ ಸಣ್ಣ ತಾಣಗಳಿಗೆಂದೇ ಸ್ವೀಡನ್ನಿನಲ್ಲಿ ಒಬ್ಬರೇ ಕಟ್ಟಿದ ಮಾರ್ಜಿನೇಲಿಯಾ ಎಂಬ ಯಂತ್ರವೂ ಇದೆ. ಅದರ ಲೋಕ ಬಹುಮಟ್ಟಿಗೆ ಇಂಗ್ಲಿಷು. ಬ್ಲಾಗನ್ನೇ ಹುಡುಕುವವರಿಗೆ ನಾನು ಕೊಡುವ ಸಲಹೆ ಒಂದೇ: ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಎರಡು ಚುಕ್ಕೆ ಇಟ್ಟು, ಬ್ಲಾಗ್‌ಸ್ಪಾಟ್ ಅಥವಾ ವರ್ಡ್‌ಪ್ರೆಸ್ ವಿಳಾಸ ಸೇರಿಸಿ, ಆಮೇಲೆ ಕನ್ನಡ ಪದ ಹಾಕಿ. ಜಾಹೀರಾತು, ಸುದ್ದಿ ಎಲ್ಲ ಪಕ್ಕಕ್ಕೆ ಸರಿದು ಬ್ಲಾಗುಗಳಷ್ಟೇ ಉಳಿಯುತ್ತವೆ.

ಹೊಸದು ಮೊದಲು ಎಂದವರು

ಎರಡನೆಯ ಪಂಥ ಬ್ಲಾಗಿನ ಜೀವ ಇರುವುದು ಹೊತ್ತಿನಲ್ಲಿ ಎಂದಿತು. ಬರೆದ ಕೂಡಲೇ ಬ್ಲಾಗು ತಾನೇ ಒಂದು ಕರೆ ಕಳಿಸುತ್ತದೆ, ಯಂತ್ರ ಬಂದು ಆ ಬರಹವನ್ನು ಎತ್ತಿಕೊಳ್ಳುತ್ತದೆ. 2002ರಲ್ಲಿ ಡೇವ್ ಸಿಫ್ರಿ ಕಟ್ಟಿದ ಟೆಕ್ನೊರಾಟಿ ಈ ದಾರಿಯ ಮುಂದಾಳು. ಫೀಡ್‌ಸ್ಟರ್, ಬ್ಲಾಗ್‌ಪಲ್ಸ್, ಐಸ್‌ರಾಕೆಟ್ ಜೊತೆಗಿದ್ದವು. 2005ರ ಸೆಪ್ಟೆಂಬರಿನಲ್ಲಿ ಗೂಗಲ್ ತನ್ನ ಬ್ಲಾಗ್ ಹುಡುಕಾಟ ತೆರೆಯಿತು.

ಇವುಗಳಿಗೆ ಆದದ್ದನ್ನು ಬೇಗ ಹೇಳಬಹುದು. ಹಣಕ್ಕಾಗಿ ಕಟ್ಟಿದ ಕಸದ ಬ್ಲಾಗುಗಳು ಕರೆಗಳ ಮಹಾಪೂರ ಹರಿಸಿದವು. ‘ಈಗ ಜನ ಏನೆನ್ನುತ್ತಿದ್ದಾರೆ’ ಎಂಬ ಪ್ರಶ್ನೆಯನ್ನು ಟ್ವಿಟರ್, ಫೇಸ್‌ಬುಕ್ ಕಸಿದುಕೊಂಡವು. 2012ರಲ್ಲಿ ಬ್ಲಾಗ್‌ಪಲ್ಸ್ ಮುಚ್ಚಿತು, 2013ರ ಜುಲೈಯಲ್ಲಿ ಬ್ಲಾಗುಗಳನ್ನು ಒಂದೆಡೆ ಓದಲು ಬಳಸುತ್ತಿದ್ದ ಗೂಗಲ್ ರೀಡರ್ ಹೋಯಿತು, 2014ರಲ್ಲಿ ಟೆಕ್ನೊರಾಟಿ ತನ್ನ ಬ್ಲಾಗ್ ಪಟ್ಟಿಯನ್ನು ತೆಗೆದುಹಾಕಿತು. ಕನ್ನಡ ಬ್ಲಾಗುಗಳು ಯೂನಿಕೋಡಿಗೆ ಬಂದು ಯಂತ್ರಕ್ಕೆ ಕಾಣುವಂತಾದ ಹೊತ್ತಿಗೆ ಬ್ಲಾಗಿಗೆಂದೇ ಇದ್ದ ಯಂತ್ರಗಳು ಬಾಗಿಲು ಹಾಕುತ್ತಿದ್ದವು. ಆಟಕ್ಕೆ ತಡವಾಗಿ ಹೋಗಿ ಮಂಗಳದ ಪದ ಕೇಳಿದಂತಾಯಿತು ನಮ್ಮ ಪಾಡು.

ಈ ಪಂಥ ಕಂಡ ಸತ್ಯವೊಂದಿದೆ, ಅದನ್ನು ಬಿಡಬಾರದು. ಬರಹಕ್ಕೆ ತಾರೀಖು ಮುಖ್ಯ. ಕೊಳೆಯ ವರ್ಷ ಯಾವುದು, ಶುಂಠಿಗೆ ಬೆಲೆ ಬಿದ್ದದ್ದು ಯಾವಾಗ ಎಂದು ತಿಳಿಯದೆ ಅನುಭವ ಓದಿ ಪ್ರಯೋಜನವಿಲ್ಲ. ಇಂದಿನ ಯಂತ್ರಗಳು ತಾರೀಖಿನ ಪ್ರಕಾರ ಸೋಸಿ ಕೊಡುವ ಸೌಲಭ್ಯವನ್ನು ಒಳಮೂಲೆಯಲ್ಲಿ ಇಟ್ಟಿವೆ.

ಕೈಯಿಂದ ಬರೆದ ಪಟ್ಟಿ

ಮೂರನೆಯವರು ಯಂತ್ರವನ್ನೇ ನಂಬಲಿಲ್ಲ. ಓದಿದವರು ಆರಿಸಿ ಪಟ್ಟಿ ಮಾಡಲಿ ಎಂದರು. 1994ರ ಯಾಹೂ ಪಟ್ಟಿ, 1998ರಲ್ಲಿ ಸ್ವಯಂಸೇವಕರು ಶುರು ಮಾಡಿದ ಡಿಮೋಜ್ ಈ ಬಗೆಯವು. ಮೊದಲನೆಯದು 2014ರಲ್ಲಿ, ಎರಡನೆಯದು 2017ರಲ್ಲಿ ನಿಂತವು.

ಕನ್ನಡದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಈ ದಾರಿಯೇ ಎಂದು ನನ್ನ ಅನಿಸಿಕೆ. ಬ್ಲಾಗಿನ ಬಲಬದಿಯಲ್ಲಿ ‘ನಾನು ಓದುವ ಬ್ಲಾಗುಗಳು’ ಎಂದು ಹತ್ತಿಪ್ಪತ್ತು ಹೆಸರು ಇರುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ದಾಟುತ್ತ ಹೋದರೆ ರಾತ್ರಿ ಕಳೆಯುತ್ತಿತ್ತು. ಸಂಪದದಲ್ಲಿ ಬರೆಯುವವರೆಲ್ಲ ಒಂದೇ ಜಗಲಿಯಲ್ಲಿ ಕೂತಿದ್ದರು. ಕೆಂಡಸಂಪಿಗೆ, ಅವಧಿಯಂಥ ತಾಣಗಳು ಹೊಸ ಬ್ಲಾಗಿಗರನ್ನು ದೊಡ್ಡ ಓದುಗವರ್ಗದ ಮುಂದೆ ತಂದವು. ನಾನು ಮೆಚ್ಚಿದ ಬಹುತೇಕ ಬ್ಲಾಗಿಗರು ನನಗೆ ಸಿಕ್ಕಿದ್ದು ಹೀಗೆ ಒಬ್ಬರ ಬೆರಳು ಹಿಡಿದು.

ಇದರ ದೌರ್ಬಲ್ಯವೂ ಸ್ಪಷ್ಟ. ಪಟ್ಟಿ ಮಾಡುವವರ ಪರಿಚಯದ ವಲಯ ಎಷ್ಟೋ ಪಟ್ಟಿಯೂ ಅಷ್ಟೇ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ, ಪತ್ರಕರ್ತ, ಅಧ್ಯಾಪಕ, ಅಮೆರಿಕದ ಕನ್ನಡಿಗ ಪಟ್ಟಿಯಲ್ಲಿ ಬೇಗ ಬಂದರು. ಸೊರಬದ ಒಬ್ಬ ಮೇಷ್ಟ್ರು ಬರೆದದ್ದು ಅಷ್ಟು ಬೇಗ ಬರಲಿಲ್ಲ. ಪಟ್ಟಿ ಮಾಡುವವರು ದಣಿದು ಕೈಬಿಟ್ಟರೆ ಪಟ್ಟಿಯೂ ಅಲ್ಲಿಗೆ ನಿಂತಿತು. ಆಮೇಲೆ ಬರೆಯುವವರು ಫೇಸ್‌ಬುಕ್ಕಿಗೆ, ವಾಟ್ಸಾಪಿಗೆ ಹೋದರು. ವಾಟ್ಸಾಪ್ ಗುಂಪಿನ ಒಳಗೆ ಯಾವ ಹುಡುಕುಯಂತ್ರಕ್ಕೂ ಪ್ರವೇಶವಿಲ್ಲ. ಫೇಸ್‌ಬುಕ್ಕಿನ ಗೋಡೆಯ ಮೇಲೆ ಬರೆದದ್ದು ಮೂರು ತಿಂಗಳ ಮೇಲೆ ಬರೆದವರಿಗೇ ಸಿಗುವುದು ಕಷ್ಟ.

ಆನವಟ್ಟಿಯಲ್ಲಿ, ಆನವಟ್ಟಿಗೆ, ಆನವಟ್ಟಿಯಿಂದ

ನಾಲ್ಕನೆಯ ಪಂಥದವರು ಭಾಷಾಶಾಸ್ತ್ರದ ಕಡೆಯವರು. ಕೊಂಡಿ, ಹೊತ್ತು, ಪಟ್ಟಿ ಎಲ್ಲ ಆಮೇಲೆ, ಯಂತ್ರಕ್ಕೆ ಮೊದಲು ಕನ್ನಡ ಬರಬೇಕು ಎಂಬುದು ಇವರ ವಾದ. ಇದು ಎಷ್ಟು ದೂರದ ಮಾತು ಎಂದು ಒಂದೇ ಪದದಲ್ಲಿ ನೋಡಬಹುದು.

ಇಂಗ್ಲಿಷಿನಲ್ಲಿ ಊರ ಹೆಸರು ವಾಕ್ಯದಲ್ಲಿ ಎಲ್ಲಿ ಬಂದರೂ ಹಾಗೇ ಇರುತ್ತದೆ. ಕನ್ನಡದಲ್ಲಿ ಹಾಗಲ್ಲ. ಆನವಟ್ಟಿಯಲ್ಲಿ, ಆನವಟ್ಟಿಗೆ, ಆನವಟ್ಟಿಯಿಂದ, ಆನವಟ್ಟಿಯವರು, ಆನವಟ್ಟಿಯಲ್ಲಿದ್ದಾಗ, ಆನವಟ್ಟಿಗಾದರೂ. ಊರಿನ ಬಗ್ಗೆ ಹತ್ತು ಪುಟ ಬರೆದವರೂ ಬರಿಯ ‘ಆನವಟ್ಟಿ’ ಎಂಬ ರೂಪವನ್ನು ಒಮ್ಮೆಯೂ ಬರೆಯದೆ ಇರಬಹುದು. ಯಂತ್ರ ಅಕ್ಷರಕ್ಕೆ ಅಕ್ಷರ ಹೊಂದಿಸುವುದಾದರೆ ಆ ಹತ್ತು ಪುಟವೂ ತಪ್ಪಿಹೋಗುತ್ತವೆ. ಇಂಗ್ಲಿಷ್ ಅಕ್ಷರದ ಮೂಲಕ ಟೈಪು ಮಾಡುವವರ ಕೈಯಲ್ಲಿ ಮೊದಲ ದೀರ್ಘ ಬಿದ್ದು ‘ಅನವಟ್ಟಿ’ ಆಗುವುದುಂಟು. ಹಾವೇರಿ, ಧಾರವಾಡದ ಕಡೆ ಊರ ಹೆಸರೇ ಮನೆತನದ ಅಡ್ಡಹೆಸರು. ಅಲ್ಲಿ ‘ಆನವಟ್ಟಿ’ ಎಂದರೆ ಒಬ್ಬ ವಕೀಲರೋ ವೈದ್ಯರೋ ಆಗಿರಬಹುದು.

ಹತ್ತಿರದ ಕುಬಟೂರನ್ನು ತೆಗೆದುಕೊಳ್ಳಿ. ಕೈಟಭೇಶ್ವರ ದೇವಾಲಯದ ಊರು, ಎಸ್. ಬಂಗಾರಪ್ಪನವರು ಹುಟ್ಟಿದ ಊರು. ಶಾಸನಗಳಲ್ಲಿ ಕುಪ್ಪಟೂರು ಎಂದಿದೆ, ಚಂದ್ರಹಾಸನ ಕುಂತಳನಗರ ಇದೇ ಎಂಬ ಐತಿಹ್ಯವಿದೆ, ದೇವಾಲಯ ಇರುವ ಜಾಗಕ್ಕೆ ಕೋಟಿಪುರ ಎಂಬ ಹೆಸರಿದೆ. ಒಂದೇ ಗುಡಿಯ ಬಗ್ಗೆ ನಾಲ್ವರು ನಾಲ್ಕು ಹೆಸರಿನಲ್ಲಿ ಬರೆದಿರುತ್ತಾರೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ಹಳೆಯ ಪುಸ್ತಕಗಳು ಬೆಳಗಾಮಿ ಎಂದೂ ಕರೆಯುತ್ತವೆ. ಹುಡುಕಾಟದಲ್ಲಿ ಆ ಹೆಸರು ಬೆಳಗಾವಿಯ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ.

ಬೆಳೆಯ ಹೆಸರೂ ಹಾಗೆಯೇ. ಹಾನಗಲ್ಲಿನ ಕಡೆಯವರು ಗೋವಿನಜೋಳ ಎನ್ನುತ್ತಾರೆ, ಶಿವಮೊಗ್ಗ, ದಾವಣಗೆರೆಯವರು ಮೆಕ್ಕೆಜೋಳ ಎನ್ನುತ್ತಾರೆ, ಮೈಸೂರು ಸೀಮೆಯಲ್ಲಿ ಅದು ಮುಸುಕಿನಜೋಳ. ಬೆಳೆ ಒಂದೇ. ಹಾನಗಲ್ಲಿನ ಗಡಿಯಲ್ಲಿರುವ ಆನವಟ್ಟಿಯವರಿಗೆ ಎರಡು ಹೆಸರೂ ಗೊತ್ತು. ಯಂತ್ರಕ್ಕೂ ಆ ಮಟ್ಟಿಗೆ ಗೊತ್ತಾಗಬೇಕು.

ಈಗ ಮತ್ತೆ ‘ಕೊಳೆ’ಗೆ ಬರೋಣ. ‘ಕೊ’ ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ರೀತಿಯಲ್ಲಿ ಕೂಡಿಸಬಹುದು. ‘ಕ’ಕ್ಕೆ ಒತ್ವವನ್ನು ಒಂದೇ ಚಿಹ್ನೆಯಾಗಿ ಸೇರಿಸುವುದು ಒಂದು. ‘ಕ’ಕ್ಕೆ ಎತ್ವ ಹಾಕಿ, ಅದರ ಪಕ್ಕ ಕೊಂಬಿನ ದೀರ್ಘ ಹಾಕುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ. ಇವೆರಡೂ ಸಮ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಅದನ್ನು ಪಾಲಿಸದ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದ. ‘ಶುಂಠಿ’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿಬಿಡುವವರಿದ್ದಾರೆ. ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣದು, ಯಂತ್ರಕ್ಕೆ ಅದು ಪದವೇ ಅಲ್ಲ. ‘ಕೊಳೆರೋಗ’ ಕೂಡಿಸಿ ಬರೆಯುವವರು ಕೆಲವರು, ಬಿಡಿಸಿ ಬರೆಯುವವರು ಕೆಲವರು. ಜೊತೆಗೆ ಶುಂಠಿಯ ಗೆಡ್ಡೆಗೂ ಕೊಳೆ ಬರುತ್ತದೆ. ಈ ಹೆಸರಿನಲ್ಲಿ ಇನ್ನೊಂದು ವಿಶೇಷವಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಬಗ್ಗೆ ಪುಸ್ತಕ ಬರೆದಾಗ ‘ಕೊಳೆರೋಗ’ ಎಂಬ ಕನ್ನಡ ಹೆಸರನ್ನೇ ಉಳಿಸಿಕೊಂಡರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಆ ಕನ್ನಡ ಪದ ವಿಜ್ಞಾನದ ಪ್ರಬಂಧಗಳಿಗೆ ಕರೆದೊಯ್ಯುತ್ತದೆ, ಕನ್ನಡ ಅಕ್ಷರದ ಅದೇ ಪದ ಬೇರೆಯೇ ಲೋಕಕ್ಕೆ.

ಈ ಪಂಥ ಬರಿ ವಾದ ಹೂಡಿ ಸುಮ್ಮನಾಗಲಿಲ್ಲ. ಹೈದರಾಬಾದಿನ ಟ್ರಿಪಲ್ ಐಟಿಯವರು 2006ರಲ್ಲಿ ‘ವೆಬ್‌ಖೋಜ್’ ಎಂಬ ಯಂತ್ರ ತೋರಿಸಿದರು. ಹತ್ತು ಭಾರತೀಯ ಭಾಷೆಗಳಲ್ಲಿ, ತರಾವರಿ ಅಕ್ಷರಶೈಲಿಗಳಲ್ಲಿದ್ದ ಪುಟಗಳನ್ನು ಒಂದೇ ಸಂಕೇತಕ್ಕೆ ತಿರುಗಿಸಿ ಹುಡುಕಿಕೊಡುವ ಪ್ರಯತ್ನ ಅದು. ನಮಗೆ ಬೇಕಾಗಿದ್ದದ್ದು ಅದೇ. ಅದು ಜನಬಳಕೆಗೆ ಬೆಳೆಯಲಿಲ್ಲ. ಅದೇ ವರ್ಷ ಬೆಂಗಳೂರಿನಿಂದ ಹೊರಟ ‘ಗುರೂಜಿ’ ಎಂಬ ಭಾರತೀಯ ಯಂತ್ರವೂ ಕೆಲವೇ ವರ್ಷಗಳಲ್ಲಿ ನಿಂತಿತು. ಕೇಂದ್ರ ಸರ್ಕಾರದ ನೆರವಿನ ‘ಸಂಧಾನ್’ ಯಂತ್ರ ಬಂಗಾಳಿ, ಹಿಂದಿ, ಮರಾಠಿ, ತಮಿಳು, ತೆಲುಗಿನಿಂದ ಶುರುವಾಯಿತು. ಆ ಮೊದಲ ಸಾಲಿನಲ್ಲಿ ಕನ್ನಡವಿರಲಿಲ್ಲ.

ಸಣ್ಣ ಅಂಗಳದಲ್ಲಿ ಮಾತ್ರ ಇವರ ವಾದ ಗೆದ್ದಿದೆ. ಸಂಚಯ ತಂಡದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿಗೆ ತಂದು, ಪದ ಪದವಾಗಿ ಹುಡುಕುವಂತೆ ಮಾಡಿದ್ದಾರೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಹೆಸರಿನಲ್ಲಿ 2019ರಲ್ಲಿ ಮುಕ್ತವಾಯಿತು. ಅದರ ಹುಡುಕಾಟಕ್ಕೆ ಕೈಲಾಶ್ ನಾಧ್ ಅವರು ಪದಗಳನ್ನು ಉಚ್ಚಾರದ ಮೇಲೆ ಹೊಂದಿಸುವ ಕ್ರಮವೊಂದನ್ನು ಬರೆದು ಎಲ್ಲರ ಬಳಕೆಗೆ ಬಿಟ್ಟಿದ್ದಾರೆ. ಒಂದು ಅಕ್ಷರ ತಪ್ಪಿದರೂ ಪದ ಸಿಗಬಹುದು. ಇದನ್ನೇ ಕನ್ನಡ ಬ್ಲಾಗುಗಳ ಮೇಲೆ ಹಾಸಿದರೆ? ಆ ಕೆಲಸ ಯಾರಾದರೂ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಬಹುದಿನದ ಆಸೆ.

ಅರ್ಥ ಹಿಡಿಯುತ್ತೇವೆ ಎನ್ನುವವರು

ಐದನೆಯವರು ಹೊಸಬರು. ವ್ಯಾಕರಣವನ್ನು ನಾವು ಕಲಿಸಬೇಕಿಲ್ಲ, ರಾಶಿ ರಾಶಿ ಪಠ್ಯ ಓದಿಸಿದರೆ ಯಂತ್ರ ತಾನೇ ಕಲಿಯುತ್ತದೆ ಎನ್ನುತ್ತಾರೆ. ಗೂಗಲ್ 2019ರ ಕೊನೆಗೆ ತನ್ನ ಬರ್ಟ್ ಎಂಬ ಭಾಷಾಮಾದರಿಯನ್ನು ಎಪ್ಪತ್ತಕ್ಕೂ ಹೆಚ್ಚು ಭಾಷೆಗಳ ಹುಡುಕಾಟಕ್ಕೆ ಹಚ್ಚಿತು. 2020ರಲ್ಲಿ ಕನ್ನಡವೂ ಸೇರಿದ ಎರಡು ಮಾದರಿಗಳು ಬಂದವು: ಗೂಗಲ್‌ನ ಭಾರತದ ಸಂಶೋಧಕರ ‘ಮ್ಯೂರಿಲ್’ ಮತ್ತು ‘ಎಐ4ಭಾರತ್’ ತಂಡದ ‘ಇಂಡಿಕ್‌ಬರ್ಟ್’. ಮ್ಯೂರಿಲ್ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಭಾರತೀಯ ಭಾಷೆಯನ್ನೂ ಓದಿ ಕಲಿತಿದೆ. ಮೆಕ್ಕೆಜೋಳ, ಗೋವಿನಜೋಳ ಒಂದೇ ಎಂದು, ‘ಆನವಟ್ಟಿಯಲ್ಲಿದ್ದಾಗ’ ಎಂಬುದರ ಒಳಗೆ ಊರಿದೆ ಎಂದು ಗುರುತಿಸುವ ಶಕ್ತಿ ಈ ದಾರಿಗೆ ಇದೆ. ಹಿಂದಿನವರು ಕಷ್ಟಪಟ್ಟು ನಿಯಮ ಬರೆದು ಮಾಡುತ್ತಿದ್ದುದನ್ನು ಇದು ಬಳಕೆಯಿಂದ ಹಿಡಿಯುತ್ತದೆ. ಇದನ್ನು ನಾನು ದೊಡ್ಡ ಹೆಜ್ಜೆ ಎಂದೇ ಎಣಿಸುತ್ತೇನೆ.

ನನಗಿರುವ ಆತಂಕ ಒಂದು. ಯಂತ್ರ ಈಗ ಪುಟಗಳನ್ನು ಓದಿ ತಾನೇ ಉತ್ತರ ಕಟ್ಟಿ ಕೊಡುತ್ತದೆ. ಕೊಳೆಗೆ ಮದ್ದೇನೋ ಸಿಗುತ್ತದೆ. ಮದ್ದು ಹೊಡೆದು ಸೋತ ವರ್ಷದ ಕತೆ ಬರೆದವರು, ಅವರ ಊರು, ಅವರ ಮಾತಿನ ಸೊಗಡು ಸಿಗುವುದಿಲ್ಲ. ಬ್ಲಾಗು ಹುಡುಕುವವರಿಗೆ ಬೇಕಾದದ್ದು ಆ ಮನುಷ್ಯನೇ.

ಇನ್ನೂ ಇತ್ಯರ್ಥವಾಗದ್ದು

ಅಳೆಯುವುದು ಹೇಗೆ ಎಂಬುದೇ ಮೊದಲ ತಕರಾರು. ಒಂದು ಯಂತ್ರ ಇನ್ನೊಂದಕ್ಕಿಂತ ಮೇಲು ಎನ್ನಬೇಕಾದರೆ ಒಪ್ಪಿತ ಪ್ರಶ್ನೆಗಳು, ಒಪ್ಪಿತ ಬರಹಗಳ ರಾಶಿ, ಯಾವುದು ಸರಿಯುತ್ತರ ಎಂದು ತೀರ್ಮಾನಿಸಿದ ಓದುಗರು ಬೇಕು. 2022ರಲ್ಲಿ ಬಂದ ಮಿರಾಕಲ್ ಎಂಬ ಹದಿನೆಂಟು ಭಾಷೆಗಳ ಪರೀಕ್ಷಾ ಸಂಗ್ರಹದಲ್ಲಿ ಹಿಂದಿ, ಬಂಗಾಳಿ, ತೆಲುಗು ಇವೆ, ಕನ್ನಡವಿಲ್ಲ. ಅಳತೆಗೋಲು ಇಲ್ಲದ ತನಕ ಯಾರು ಏನು ಹೇಳಿದರೂ ಅದು ಅನುಭವದ ಮಾತು, ನನ್ನದೂ ಸೇರಿ.

ಎರಡನೆಯದು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಕನ್ನಡವೆಂದು ಲೆಕ್ಕ ಹಿಡಿಯಬೇಕೆ? ಹೌದೆನ್ನುವವರು ಜನ ಬರೆಯುವುದೇ ಹಾಗೆ ಎನ್ನುತ್ತಾರೆ. ಬೇಡವೆನ್ನುವವರು ಹಾಗೆ ಮಾಡಿದರೆ ಲಿಪಿಯನ್ನು ಕೈಬಿಡಲು ನಾವೇ ದಾರಿ ಮಾಡಿಕೊಟ್ಟಂತೆ ಎನ್ನುತ್ತಾರೆ. ಹುಡುಕಾಟಕ್ಕೆ ಎರಡನ್ನೂ ಒಪ್ಪಿ, ಬರೆಯುವುದನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕು ಎಂಬ ಕಡೆಗೆ ನನ್ನ ಒಲವು. ಮೂರನೆಯ ಪ್ರಶ್ನೆ ಸೂಕ್ಷ್ಮವಾದದ್ದು. ಹತ್ತು ಜನ ಗೆಳೆಯರಿಗೆಂದು ಮನೆಯ ಸಂಗತಿ ಬರೆದವರು ಲೋಕಕ್ಕೆಲ್ಲ ಸಿಗಲು ಬಯಸಿದ್ದರೇ? ಒಳ್ಳೆಯ ಹುಡುಕುಯಂತ್ರ ಎಂದರೆ ಎಲ್ಲವನ್ನೂ ಹೊರತೆಗೆಯುವ ಯಂತ್ರವೇ ಆಗಬೇಕಿಲ್ಲ. ಇದಕ್ಕೆ ಯಾವ ಪಂಥದಲ್ಲೂ ನೆಟ್ಟಗಿನ ಉತ್ತರವಿಲ್ಲ.

ಕೊನೆಯದು, ಬರೆದವರು ತೀರಿಕೊಂಡ ಮೇಲೆ ಬ್ಲಾಗು ಯಾರದು? ನನ್ನ ಪರಿಚಯದವರೊಬ್ಬರು ತಮ್ಮ ಊರಿನ ಕೆರೆಗಳ ಬಗ್ಗೆ ಸ್ವಂತ ವಿಳಾಸ ಕೊಂಡು ಬರೆಯುತ್ತಿದ್ದರು. ಅವರು ಹೋದ ಮರುವರ್ಷ ಬಾಡಿಗೆ ಕಟ್ಟುವವರಿಲ್ಲದೆ ವಿಳಾಸವೂ ಹೋಯಿತು. 1996ರಿಂದ ಜಾಲವನ್ನು ನಕಲಿಸಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಕೆಲವು ಪುಟ ಉಳಿದಿವೆ. ಆದರೆ ಅವನ್ನು ತೆರೆಯಲು ಹಳೆಯ ವಿಳಾಸ ಗೊತ್ತಿರಬೇಕು. ಕೆರೆಯ ಹೆಸರು ಬರೆದರೆ ಸಿಗುವುದಿಲ್ಲ.

ಕಲ್ಲಿನ ಬರಹದ ಕತೆ ಬೇರೆ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಕುಪ್ಪಟೂರಿನ ಬಸದಿಗೆ ದತ್ತಿ ಬಿಟ್ಟದ್ದು 1077ರಲ್ಲಿ. ಬಿ.ಎಲ್. ರೈಸ್ 1904ರ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳಿಗೆ ಸಂಖ್ಯೆ ಕೊಟ್ಟು, ಊರಿನ ಹೆಸರಿನೊಡನೆ ಜೋಡಿಸಿಟ್ಟಿದ್ದಾರೆ. ಗ್ರಂಥಾಲಯಕ್ಕೆ ಹೋದವರಿಗೆ ಅವು ಇವತ್ತಿಗೂ ಸಿಗುತ್ತವೆ. ಅದೇ ಊರಿನ ಬಗ್ಗೆ 2007ರಲ್ಲಿ ಬರೆದ ಬ್ಲಾಗಿಗೆ ಅಂಥ ಸೂಚಿ ಇಲ್ಲ.

ಆನವಟ್ಟಿ, ಸೊರಬ, ಶಿಕಾರಿಪುರದ ಕಡೆ ಬರೆಯುವವರಲ್ಲಿ, ಹಿಂದೆ ಬರೆದು ಬಿಟ್ಟವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿ. ಅದಕ್ಕೆ ಪುಕ್ಕಟೆ ಪರಿವರ್ತಕಗಳಿವೆ. ಬರಹದ ತಲೆಯಲ್ಲಿ ಊರಿನ ಹೆಸರನ್ನು ಪ್ರತ್ಯಯವಿಲ್ಲದೆ ಒಮ್ಮೆ ಬರೆಯಿರಿ, ಪಕ್ಕದಲ್ಲಿ ತಾಲ್ಲೂಕು ಮತ್ತು ತಾರೀಖು ಹಾಕಿ. ನೀವು ಓದುವ ನಾಲ್ಕು ಬ್ಲಾಗುಗಳ ಕೊಂಡಿಯನ್ನು ನಿಮ್ಮ ಪುಟದಲ್ಲಿ ಕೊಡಿ. ಆಮೇಲೆ ಆ ಪುಟದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ಗೆ ಒಪ್ಪಿಸಿ. ಎಲ್ಲ ಸೇರಿ ಒಂದು ಬರಹಕ್ಕೆ ಹತ್ತು ನಿಮಿಷ ಹಿಡಿಯುತ್ತದೆ.